ಎಂಟನೇ ಕೋಣೆಯ ಹೆಣ್ಣುಮಕ್ಕಳು

ಕಚೇರಿಯ ಕೆಲಸದ ಮೇಲೆ ಆರು ವಾರ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಇದ್ದು ಬಂದೆ. ಬಂದ ಮೇಲೆ ಸಂಘದಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ: "ಧಾರಾವಾಹಿಯಲ್ಲಿ ತೋರಿಸೋ ಅರಮನೆ ನೋಡಿದ್ಯಾ?" ನೋಡಿದೆ. ಆದರೆ ಅರಮನೆ, ಹಾನ್‌ಬೊಕ್, ಕಿಮ್ಚಿ ವಿಷಯ ನಿಮ್ಮಲ್ಲಿ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತಿದೆ. ಅದಕ್ಕೇ ಅದನ್ನು ಬಿಟ್ಟು, ಶನಿವಾರ ಭಾನುವಾರಗಳಲ್ಲಿ ಒಬ್ಬಳೇ ಓಡಾಡಿ ನೋಡಿದ ಬೇರೆ ಕೆಲವು ಜಾಗಗಳ ಬಗ್ಗೆ ಬರೆಯುತ್ತೇನೆ. ಆ ದೇಶ ತನ್ನ ವೀರರನ್ನು ನೆನೆಯುವ ಜಾಗಗಳು ಅವು.

ಶುರುವಾದದ್ದು ಪರ್ಸಿನಿಂದ. ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸಿಕೊಂಡಾಗ ಸಿಕ್ಕ 50,000 ವೊನ್ ನೋಟಿನ ಮೇಲೆ ಒಬ್ಬ ಹೆಣ್ಣುಮಗಳ ಚಿತ್ರವಿತ್ತು. ಖುಷಿಯಾಯಿತು. ಹೆಸರು ಶಿನ್ ಸಾಯಿಮ್‌ದಾಂಗ್. 1504ರಲ್ಲಿ ಹುಟ್ಟಿ 1551ರಲ್ಲಿ ತೀರಿಕೊಂಡ ಚಿತ್ರಕಾರ್ತಿ, ಕವಯಿತ್ರಿ. ಹುಲ್ಲು, ಹೂವು, ಕೀಟಗಳ ಚಿತ್ರಗಳಿಗೆ ಹೆಸರಾದವಳು. 5,000 ವೊನ್ ನೋಟಿನ ಮೇಲಿರುವ ದೊಡ್ಡ ವಿದ್ವಾಂಸ ಯಿ ಐ (ಯುಲ್‌ಗೊಕ್ ಎಂದೂ ಕರೆಯುತ್ತಾರೆ) ಆಕೆಯ ಮಗ. ತಾಯಿ ಮಗ ಇಬ್ಬರೂ ಒಂದೇ ದೇಶದ ನೋಟುಗಳಲ್ಲಿ!

ಹೋಟೆಲಿಗೆ ಹೋಗಿ ಓದುತ್ತಾ ಕೂತಾಗ ಖುಷಿ ಸ್ವಲ್ಪ ಇಳಿಯಿತು. 2009ರಲ್ಲಿ ಈ ನೋಟು ಬರುವ ಮೊದಲು ಅಲ್ಲಿ ದೊಡ್ಡ ಚರ್ಚೆಯಾಗಿತ್ತಂತೆ. ನೋಟಿನ ಮೇಲೆ ಯಾರಿರಬೇಕು ಎಂಬ ಮಾತು ಬಂದಾಗ ಕೇಳಿಬಂದ ಹೆಸರುಗಳಲ್ಲಿ ಯು ಗ್ವಾನ್-ಸುನ್ ಎಂಬ ಹುಡುಗಿಯದೂ ಇತ್ತು. ಕೊನೆಗೆ ಆಯ್ಕೆಯಾದದ್ದು ಶಿನ್ ಸಾಯಿಮ್‌ದಾಂಗ್. ಅಲ್ಲಿನ ಕೆಲವು ಮಹಿಳಾ ಸಂಘಟನೆಗಳೇ ಇದನ್ನು ವಿರೋಧಿಸಿದವು. ಆಕೆಯ ಚಿತ್ರಕಲೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಲೆತಲಾಂತರದಿಂದ ಪಠ್ಯಪುಸ್ತಕಗಳು ಆಕೆಯನ್ನು 'ಜಾಣ ತಾಯಿ, ಒಳ್ಳೆಯ ಹೆಂಡತಿ' ಎಂದೇ ಕಲಿಸುತ್ತಾ ಬಂದಿದ್ದವು. ಹೆಣ್ಣಿಗೆ ಗೌರವ ಸಿಗಬೇಕಾದರೆ ದೊಡ್ಡ ಮಗನನ್ನು ಹೆತ್ತಿರಲೇಬೇಕೇ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೋಟಿಗೆ ಬಾರದೆ ಉಳಿದ ಆ ಹುಡುಗಿ ಯಾರೆಂದು ಹುಡುಕಿಕೊಂಡು ಹೊರಟೆ.

ಮೊದಲು ಎಲ್ಲರೂ ಹೋಗುವ ಗ್ವಾಂಗ್‌ಹ್ವಾಮುನ್ ಚೌಕಕ್ಕೇ ಹೋದೆ. ಎದುರಿಗೆ ನೌಕಾಧಿಪತಿ ಯಿ ಸುನ್-ಸಿನ್, ಹಿಂದೆ ಹಾಂಗುಲ್ ಲಿಪಿ ಕೊಟ್ಟ ದೊರೆ ಸೆಜೋಂಗ್. ಮೊದಲನೆಯ ಪ್ರತಿಮೆ 1968ರದು, ಎರಡನೆಯದು 2009ರದು. 1597ರಲ್ಲಿ ಬರೀ 13 ಹಡಗು ಇಟ್ಟುಕೊಂಡು ಜಪಾನಿನ ನೂರಕ್ಕೂ ಹೆಚ್ಚು ಹಡಗುಗಳನ್ನು ಮ್ಯೊಂಗ್‌ನ್ಯಾಂಗ್ ಜಲಸಂಧಿಯಲ್ಲಿ ತಡೆದವನು ಯಿ ಸುನ್-ಸಿನ್. ಮರುವರ್ಷದ ಯುದ್ಧದಲ್ಲೇ ಗುಂಡು ತಗುಲಿ ಸತ್ತ. ಮಕ್ಕಳು ಆ ಪ್ರತಿಮೆಯ ಕೆಳಗೆ ನೀರಿನ ಕಾರಂಜಿಯಲ್ಲಿ ಆಡುತ್ತಿದ್ದವು. ಇಷ್ಟು ಎತ್ತರದಲ್ಲಿ ನಿಂತವರ ಮುಖ ಸರಿಯಾಗಿ ಕಾಣುವುದೂ ಇಲ್ಲ. ಫೋಟೋ ತೆಗೆದುಕೊಂಡು ಮೆಟ್ರೋ ಹತ್ತಿದೆ.

ಇಳಿದದ್ದು ದೊಂಗ್‌ನಿಮ್‌ಮುನ್ ನಿಲ್ದಾಣದಲ್ಲಿ. ಆ ಪದದ ಅರ್ಥ 'ಸ್ವಾತಂತ್ರ್ಯ ದ್ವಾರ'. ಪ್ಯಾರಿಸ್ಸಿನ ವಿಜಯ ಕಮಾನನ್ನು ನೋಡಿ ಕಟ್ಟಿದ ಕಲ್ಲಿನ ಕಮಾನು, 1897ರದು. ಜಪಾನಿನ ವಿರುದ್ಧ ಕಟ್ಟಿದ್ದು ಅಂದುಕೊಂಡಿದ್ದೆ. ಅಲ್ಲವಂತೆ. ಅದಕ್ಕೂ ಮೊದಲು ಕೊರಿಯಾದ ರಾಜರು ಚೀನಾದ ದೂತರನ್ನು ಎದುರುಗೊಳ್ಳುತ್ತಿದ್ದ ಬಾಗಿಲು ಆ ಜಾಗದಲ್ಲಿತ್ತು. ಚೀನಾದ ಹಂಗು ತಪ್ಪಿತೆಂದು ಸಾರಲು ಅದನ್ನು ಕೆಡವಿ ಇದನ್ನು ಕಟ್ಟಿದರು. ಹದಿಮೂರೇ ವರ್ಷಕ್ಕೆ, 1910ರಲ್ಲಿ, ದೇಶ ಪೂರ್ತಿ ಜಪಾನಿನ ವಶವಾಯಿತು. ಕಮಾನಿನಿಂದ ಕೂಗಳತೆ ದೂರದಲ್ಲೇ ಕೆಂಪು ಇಟ್ಟಿಗೆಯ ಉದ್ದದ ಗೋಡೆ ಕಾಣುತ್ತದೆ. ಅದು ಸೊದೆಮುನ್ ಜೈಲು.

1908ರಲ್ಲಿ ತೆರೆದ ಈ ಜೈಲು 1987ರವರೆಗೂ ಜೈಲಾಗಿಯೇ ಇತ್ತು. 1998ರಿಂದ ವಸ್ತುಸಂಗ್ರಹಾಲಯ. ಒಳಗೆ ಒಂದು ಕೋಣೆಯ ಗೋಡೆಗಳ ತುಂಬ, ನೆಲದಿಂದ ಸೂರಿನವರೆಗೆ, ಕೈದಿಗಳ ದಾಖಲೆ ಚೀಟಿಗಳನ್ನು ಅಂಟಿಸಿದ್ದಾರೆ. ಜಪಾನಿನ ಪೊಲೀಸರು ಹೋರಾಟಗಾರರನ್ನು ಹಿಡಿದಾಗ ಬರೆದಿಟ್ಟ ಚೀಟಿಗಳು: ಮುಂದಿನಿಂದ ಒಂದು ಫೋಟೋ, ಪಕ್ಕದಿಂದ ಒಂದು, ಹೆಸರು, ಊರು, ಎತ್ತರ, ಅಪರಾಧ. ಹೆಚ್ಚುಕಡಿಮೆ ಐದು ಸಾವಿರ ಜನರ ಮುಖಗಳು. ಇವತ್ತು ಆ ವೀರರ ಮುಖ ಹೇಗಿತ್ತು ಎಂದು ಕೊರಿಯಾದವರಿಗೆ ಗೊತ್ತಿರುವುದು ಬಹಳ ಸಲ ಈ ಚೀಟಿಗಳಿಂದಲೇ. ಹಿಂಸೆ ಕೊಟ್ಟವರು ಅಚ್ಚುಕಟ್ಟಾಗಿ ಕಡತ ಇಟ್ಟಿದ್ದರು.

ವೃತ್ತಿಯಿಂದ ನಾನು ಸಾಫ್ಟ್‌ವೇರಿನವಳು, ಓದಿದ್ದು ಎಂ.ಟೆಕ್. ಹಾಗಾಗಿ ನಾನು ಹೆಚ್ಚು ಹೊತ್ತು ನಿಂತದ್ದು ಇನ್ನೊಂದು ಫಲಕದ ಮುಂದೆ. ಕೈದಿಗಳು ಮಾತಾಡಿಕೊಳ್ಳುವಂತಿರಲಿಲ್ಲ. ವ್ಯಾಯಾಮಕ್ಕೆ ಬಿಟ್ಟಾಗಲೂ ಬೀಸಣಿಗೆಯಂತೆ ಹರಡಿದ ಗೋಡೆಗಳ ನಡುವೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಆಗ ಅವರು ಮಾಡಿಕೊಂಡ ಉಪಾಯ ಗೋಡೆ ತಟ್ಟುವುದು. ಹಾಂಗುಲ್‌ನ ವ್ಯಂಜನ ಸ್ವರಗಳಿಗೆಲ್ಲ ಇಷ್ಟಿಷ್ಟು ತಟ್ಟು ಎಂದು ಲೆಕ್ಕ. ಮೊದಲು ವ್ಯಂಜನ, ಆಮೇಲೆ ಸ್ವರ, ಸೇರಿದರೆ ಅಕ್ಷರ. ಎರಡು ಕಂಪ್ಯೂಟರುಗಳು ಮಾತಾಡಿಕೊಳ್ಳಲು ನಾವು ಬರೆಯುವ ಪ್ರೋಟೋಕಾಲ್ ಇದೇ ತಾನೇ! ಮೂಲ ಅಕ್ಷರಗಳು 14 ವ್ಯಂಜನ, 10 ಸ್ವರ ಮಾತ್ರ ಇದ್ದದ್ದರಿಂದ ಇದು ಸಾಧ್ಯವಾಯಿತು. ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ತಟ್ಟಿ ಹೇಳಬೇಕಾಗಿದ್ದರೆ ಬೆರಳು ಸವೆದೇ ಹೋಗುತ್ತಿತ್ತು ಅಂದುಕೊಂಡು ಒಬ್ಬಳೇ ನಕ್ಕೆ. ಪಕ್ಕದಲ್ಲಿ ಶಾಲೆಯ ಮಕ್ಕಳ ಗುಂಪೊಂದು ನಿಜವಾಗಿಯೂ ಗೋಡೆ ತಟ್ಟಿ ನೋಡುತ್ತಿತ್ತು.

ಹೆಂಗಸರ ಜೈಲು ಬೇರೆ ಕಟ್ಟಡ, ಚಿಕ್ಕದು. ಹಿಂದೆ ಕೆಡವಿದ್ದನ್ನು ಹಳೆಯ ನಕ್ಷೆ ಸಿಕ್ಕ ಮೇಲೆ ಮತ್ತೆ ಕಟ್ಟಿ 2013ರಲ್ಲಿ ತೆರೆದರು. ಯು ಗ್ವಾನ್-ಸುನ್ ಇದ್ದದ್ದು ಇಲ್ಲಿನ ಎಂಟನೇ ಕೋಣೆಯಲ್ಲಿ.

ಆ ಹುಡುಗಿ ಹುಟ್ಟಿದ್ದು 1902ರ ಡಿಸೆಂಬರ್ 16ರಂದು, ಚೊನಾನ್ ಹತ್ತಿರದ ಹಳ್ಳಿಯಲ್ಲಿ. ಸೋಲ್‌ನ ಇಹ್ವಾ ಶಾಲೆಯಲ್ಲಿ ಓದುತ್ತಿದ್ದಳು. ಅಮೆರಿಕದ ಮಿಷನರಿ ಮೇರಿ ಸ್ಕ್ರ್ಯಾಂಟನ್ 1886ರಲ್ಲಿ ಶುರು ಮಾಡಿದ ಹೆಣ್ಣುಮಕ್ಕಳ ಶಾಲೆ ಅದು, ಇವತ್ತಿನ ದೊಡ್ಡ ಇಹ್ವಾ ವಿಶ್ವವಿದ್ಯಾಲಯ. 1919ರ ಮಾರ್ಚ್ 1ರಂದು 33 ಮುಖಂಡರು ಸಹಿ ಹಾಕಿದ ಸ್ವಾತಂತ್ರ್ಯ ಘೋಷಣೆ ಹೊರಬಿತ್ತು. ಆ 33ರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ. ಸಹಿ ಹಾಕಿದವರು ಒಂದು ರೆಸ್ಟೋರೆಂಟಿನಲ್ಲಿ ಸೇರಿ, ಓದಿ, ತಾವಾಗಿಯೇ ಬಂಧನಕ್ಕೊಳಗಾದರು. ಅತ್ತ ತಾಪ್‌ಗೊಲ್ ಪಾರ್ಕಿನಲ್ಲಿ ವಿದ್ಯಾರ್ಥಿಗಳು ಘೋಷಣೆಯನ್ನು ಗಟ್ಟಿಯಾಗಿ ಓದಿ ಬೀದಿಗಿಳಿದರು. 'ಮಾನ್ಸೆ' ಎಂಬ ಕೂಗು ಊರೂರಿಗೆ ಹಬ್ಬಿತು. 'ಹತ್ತು ಸಾವಿರ ವರ್ಷ ಬಾಳಲಿ' ಎಂದು ಅದರ ಅರ್ಥ.

ಸರ್ಕಾರ ಶಾಲೆಗಳನ್ನು ಮುಚ್ಚಿಸಿತು. ಯು ತನ್ನ ಚಿಕ್ಕಪ್ಪನ ಕಡೆಯ ಅಕ್ಕನ ಜೊತೆ ಘೋಷಣೆಯ ಪ್ರತಿ ಇಟ್ಟುಕೊಂಡು ಊರಿಗೆ ಹೋದಳು. ಸುತ್ತಲಿನ ಹಳ್ಳಿಗಳಿಗೆ ನಡೆದು ಜನರನ್ನು ಸೇರಿಸಿದಳು. ಹಿಂದಿನ ರಾತ್ರಿ ಗುಡ್ಡದ ಮೇಲೆ ಪಂಜು ಹಚ್ಚಿ ಸೂಚನೆ ಕೊಟ್ಟು, ಏಪ್ರಿಲ್ 1ರಂದು ಆವುನೆ ಸಂತೆಯ ದಿನ ಮೆರವಣಿಗೆ ಹೊರಟಿತು. ಪೊಲೀಸರು ಗುಂಡು ಹಾರಿಸಿದರು. 19 ಜನ ಸತ್ತರು. ಅವರಲ್ಲಿ ಯುವಿನ ಅಪ್ಪ ಮತ್ತು ಅಮ್ಮ ಇಬ್ಬರೂ ಇದ್ದರು. ಅಮೃತಸರದ ಜಲಿಯನ್‌ವಾಲಾ ಬಾಗ್ ನಡೆದದ್ದು ಇದಾಗಿ ಹನ್ನೆರಡೇ ದಿನಕ್ಕೆ, ಏಪ್ರಿಲ್ 13ರಂದು. ಎರಡನ್ನೂ ಶಾಲೆಯಲ್ಲಿ ಒಟ್ಟಿಗೆ ಹೇಳಿಕೊಟ್ಟಿದ್ದರೆ ಇತಿಹಾಸದ ಪಾಠ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲವೇನೋ.

ಕೆಳಗಿನ ಕೋರ್ಟು ಐದು ವರ್ಷ ಅಂದಿತು, ಮೇಲ್ಮನವಿಯಲ್ಲಿ ಮೂರು ವರ್ಷವಾಯಿತು, ರಾಜಕುಮಾರನ ಮದುವೆಯ ನೆಪದ ಕ್ಷಮಾದಾನದಲ್ಲಿ ಅದೂ ಅರ್ಧಕ್ಕಿಳಿಯಿತು. ಆದರೆ ಆ ಹುಡುಗಿ ಸುಮ್ಮನಿರಲಿಲ್ಲ. 1920ರ ಮಾರ್ಚ್ 1ರಂದು, ಹೋರಾಟಕ್ಕೆ ವರ್ಷ ತುಂಬಿದ ದಿನ, ಜೈಲಿನೊಳಗೇ ಮಾನ್ಸೆ ಕೂಗಿಸಿದಳು. ಹೊಡೆತ ತಿಂದಳು. ಸೆಪ್ಟೆಂಬರ್ 28ರಂದು ಅಲ್ಲೇ ಸತ್ತಳು. ಇನ್ನೂ ಹದಿನೆಂಟು ತುಂಬಿರಲಿಲ್ಲ.

ಇಷ್ಟು ಕಥೆ ಕೊರಿಯಾದ ಪ್ರತಿ ಮಗುವಿಗೂ ಗೊತ್ತು. ಆಕೆಯನ್ನು ಅವರು 'ಯು ಗ್ವಾನ್-ಸುನ್ ಅಕ್ಕ' ಎಂದೇ ಕರೆಯುತ್ತಾರೆ. ಆದರೆ ಎಂಟನೇ ಕೋಣೆಯ ಬಾಗಿಲಲ್ಲಿ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿದ್ದ ಉಳಿದ ಹೆಸರುಗಳು. ನಮ್ಮ ಫ್ಲ್ಯಾಟಿನ ಅಡುಗೆಮನೆಗಿಂತ ಚಿಕ್ಕದಾದ ಆ ಕೋಣೆಯಲ್ಲಿ ಆಕೆ ಒಬ್ಬಳೇ ಇರಲಿಲ್ಲ. ಕೇಸೊಂಗ್ ಊರಿನಲ್ಲಿ ಘೋಷಣೆಯ ಪ್ರತಿಗಳನ್ನು ಹಂಚಿದ ಒ ಯುನ್-ಹುಯಿ ಇದ್ದರು. ಕಣ್ಣು ಕಾಣದ ಸಿಮ್ ಮ್ಯೊಂಗ್-ಚೊಲ್ ಇದ್ದರು. ಕ್ವೊನ್ ಆಯೆ-ರಾ, ಸಿನ್ ಗ್ವಾನ್-ಬಿನ್ ಇದ್ದರು. ಪಾಜುವಿನ ಇಮ್ ಮ್ಯೊಂಗ್-ಆಯೆ ತುಂಬಿದ ಬಸುರಿ. ಹೆರಿಗೆಗೆ ಹೊರಗೆ ಬಿಟ್ಟು, ಆಮೇಲೆ ಕೂಸಿನ ಸಮೇತ ಮತ್ತೆ ಒಳಗೆ ಹಾಕಿದರು. ಕೊರಿಯಾದ ಚಳಿಗಾಲದಲ್ಲಿ ಮಗುವಿನ ಬಟ್ಟೆ ಒಣಗುತ್ತಿರಲಿಲ್ಲ, ಯು ಆ ಒದ್ದೆ ಬಟ್ಟೆಗಳನ್ನು ತನ್ನ ಮೈಗೆ ಸುತ್ತಿಕೊಂಡು ಒಣಗಿಸಿಕೊಡುತ್ತಿದ್ದಳು ಎನ್ನುತ್ತಾರೆ. ವೀರರ ಕಥೆಗಳಲ್ಲಿ ಕತ್ತಿ, ಕುದುರೆ, ಬಾವುಟ ಬೇಕಾದಷ್ಟು ಬರುತ್ತವೆ. ಮಗುವಿನ ಬಟ್ಟೆ ಬಂದದ್ದನ್ನು ನಾನು ಓದಿದ್ದು ಇದೇ ಮೊದಲು.

ಅದೇ ಕೋಣೆಯಲ್ಲಿದ್ದ ಇನ್ನೊಬ್ಬಳು ಸುವೊನ್ ನಗರದ ಕಿಮ್ ಹ್ಯಾಂಗ್-ಹ್ವಾ. ಆಕೆ ಗಿಸೆಂಗ್. ಧಾರಾವಾಹಿಗಳಲ್ಲಿ ನೀವು ನೋಡಿರುತ್ತೀರಿ, ಹಾಡು ಕುಣಿತ ಕಲಿತು ದೊಡ್ಡವರ ಔತಣಗಳಲ್ಲಿ ಮನರಂಜನೆ ಕೊಡುವ ಹೆಂಗಸರು. ಸಮಾಜಕ್ಕೆ ಅವರ ಕಲೆ ಬೇಕಿತ್ತು, ಅವರು ಬೇಕಿರಲಿಲ್ಲ. ಜಪಾನಿನ ಆಡಳಿತ ಅವರಿಗೆ ಆಸ್ಪತ್ರೆಯಲ್ಲಿ ಕಡ್ಡಾಯ ದೇಹ ಪರೀಕ್ಷೆ ಇಟ್ಟಿತ್ತು. 1919ರ ಮಾರ್ಚ್ 29ರಂದು ಹಾಗೆ ಪರೀಕ್ಷೆಗೆ ಹೋಗುತ್ತಿದ್ದ ಮೂವತ್ತರಷ್ಟು ಗಿಸೆಂಗ್‌ಗಳು ಆಸ್ಪತ್ರೆಯ ಎದುರೇ ನಿಂತು ಮಾನ್ಸೆ ಕೂಗಿದರು. ಮುಂದೆ ನಿಂತವಳು ಹ್ಯಾಂಗ್-ಹ್ವಾ. ಆರು ತಿಂಗಳ ಶಿಕ್ಷೆಯಾಯಿತು. ಹಿಂದಿನ ವರ್ಷವಷ್ಟೇ ಅಚ್ಚಾಗಿದ್ದ ಗಿಸೆಂಗ್‌ಗಳ ಚಿತ್ರಪುಸ್ತಕದಲ್ಲಿ ಆಕೆಯ ಫೋಟೋ ಇದೆ. ದೇಶ ಆಕೆಯನ್ನು ಸ್ವಾತಂತ್ರ್ಯ ಹೋರಾಟಗಾರ್ತಿ ಎಂದು ಗೌರವಿಸಿದ್ದು 2009ರಲ್ಲಿ, ತೊಂಬತ್ತು ವರ್ಷದ ನಂತರ.

ಎಂಟನೇ ಕೋಣೆಯಲ್ಲಿ ಅವರು ತಾವೇ ಕಟ್ಟಿದ ಹಾಡು ಹಾಡಿಕೊಳ್ಳುತ್ತಿದ್ದರಂತೆ. ಸಿಮ್ ಮ್ಯೊಂಗ್-ಚೊಲ್ ಅದನ್ನು ಮರೆಯದೆ ಮುಂದೆ ಮಗನಿಗೆ ಹೇಳಿದರು, ಮಗ ಬರೆದಿಟ್ಟುಕೊಂಡ. ಶತಮಾನೋತ್ಸವದ ಹೊತ್ತಿಗೆ, 2019ರಲ್ಲಿ, ಅದು ಊರಿಗೆಲ್ಲ ತಿಳಿಯಿತು.

ಒಂದು ಮಾತು ಹೇಳಲೇಬೇಕು. ಆ ಜೈಲಿನ ಹಿಂಭಾಗದಲ್ಲಿ ಮರದ ಹಲಗೆಯ ಚಿಕ್ಕ ನೇಣುಮನೆ ಇದೆ. ಜಪಾನಿನವರು ಹೋದ ಮೇಲೂ ಅದು ಖಾಲಿ ಬೀಳಲಿಲ್ಲ. 1975ರ ಏಪ್ರಿಲ್ 9ರಂದು ಕೊರಿಯಾದ ಸ್ವಂತ ಸರ್ಕಾರವೇ ಎಂಟು ಜನರನ್ನು, ಸುಪ್ರೀಂ ಕೋರ್ಟ್ ತೀರ್ಪು ಬಂದು ಒಂದು ದಿನ ಕಳೆಯುವ ಮೊದಲೇ, ಇಲ್ಲಿ ಗಲ್ಲಿಗೇರಿಸಿತು. 2007ರಲ್ಲಿ ಮರುವಿಚಾರಣೆ ನಡೆದು ಅವರೆಲ್ಲ ನಿರಪರಾಧಿಗಳು ಎಂದು ತೀರ್ಪಾಯಿತು. ಪ್ರದರ್ಶನದಲ್ಲಿ ಜಪಾನಿನ ಕಾಲಕ್ಕೆ ಸಿಕ್ಕ ಜಾಗ ಈ ಕಾಲಕ್ಕೆ ಸಿಕ್ಕಿಲ್ಲ ಎಂದು ನನಗನಿಸಿತು. ಹೊರಗಿನವರು ಮಾಡಿದ ಅನ್ಯಾಯ ಹೇಳಿಕೊಳ್ಳುವುದು ಎಲ್ಲ ದೇಶಕ್ಕೂ ಸುಲಭ.

ಈ ಹುಡುಗಿಯರ ಸುದ್ದಿ ನಮ್ಮ ದೇಶಕ್ಕೂ ಆಗಲೇ ಬಂದಿತ್ತು ಎಂದು ತಿಳಿದಾಗ ಆಶ್ಚರ್ಯವಾಯಿತು. ಜವಾಹರಲಾಲ್ ನೆಹರೂ ಜೈಲಿನಿಂದ ಮಗಳು ಇಂದಿರಾಗೆ ಬರೆದ ಪತ್ರಗಳ ದೊಡ್ಡ ಪುಸ್ತಕ ಇದೆಯಲ್ಲ, 'ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ', ಅದರಲ್ಲಿ 1932ರ ಡಿಸೆಂಬರ್ ಕೊನೆಯ ಒಂದು ಪತ್ರದಲ್ಲಿ ಕೊರಿಯಾದ ಮಾತು ಬರುತ್ತದೆ. ಅಲ್ಲಿ ಆಗತಾನೇ ಕಾಲೇಜು ಮುಗಿಸಿದ ಎಷ್ಟೋ ಹೆಣ್ಣುಮಕ್ಕಳು ಹೋರಾಟದಲ್ಲಿ ಮುಖ್ಯ ಪಾತ್ರ ವಹಿಸಿದರೆಂದೂ, ಮಗಳಿಗೆ ಇದು ಇಷ್ಟವಾಗುತ್ತದೆಂದೂ ಬರೆಯುತ್ತಾರೆ. ಇಂದಿರಾಗೆ ಆಗ ಹದಿನೈದು ವರ್ಷ.

ಯು ಗ್ವಾನ್-ಸುನ್‌ಗೆ ಸಮಾಧಿ ಇಲ್ಲ. ಶಾಲೆಯವರು ದೇಹ ಬಿಡಿಸಿಕೊಂಡು ಇತೆವೊನ್ ಸಾರ್ವಜನಿಕ ಸ್ಮಶಾನದಲ್ಲಿ ಹೂಳಿದರು. 1930ರ ದಶಕದಲ್ಲಿ ಆ ಸ್ಮಶಾನವನ್ನೇ ತೆಗೆದರು. ವಾರಸುದಾರರಿಲ್ಲದ ಸಾವಿರಾರು ದೇಹಗಳನ್ನು ಸುಟ್ಟು, ಮಾಂಗು-ರಿ ಗುಡ್ಡದಲ್ಲಿ ಒಟ್ಟಿಗೆ ಹೂಳಿದರು. ಆಕೆಯೂ ಅದರಲ್ಲೇ ಇರಬೇಕೆಂದು ಅಲ್ಲೊಂದು ಕಲ್ಲು ನಿಲ್ಲಿಸಿದ್ದಾರೆ. ವಾರಸುದಾರರು ಎಲ್ಲಿಂದ ಬರಬೇಕು? ಅಪ್ಪ ಅಮ್ಮ ಒಂದೇ ದಿನ ಸತ್ತಿದ್ದರು, ಅಣ್ಣನೂ ಜೈಲು ಕಂಡವನು.

ಕೊರಿಯಾದಲ್ಲಿ ಇಂಥ ಸಮಾಧಿಗಳು ಬೇರೆಯೂ ಇವೆ. 1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಇತೊ ಹಿರೊಬುಮಿಯನ್ನು ಗುಂಡಿಟ್ಟು ಕೊಂದ ಆನ್ ಜುಂಗ್-ಗುನ್‌ನನ್ನು 1910ರ ಮಾರ್ಚ್ 26ರಂದು ಲ್ಯುಶುನ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಎಲ್ಲಿ ಹೂಳಿದರೆಂಬುದು ಇವತ್ತಿಗೂ ಪತ್ತೆಯಾಗಿಲ್ಲ. ಸೋಲ್‌ನ ಹ್ಯೋಚಾಂಗ್ ಪಾರ್ಕಿನಲ್ಲಿ ಮೂವರು ಹುತಾತ್ಮರ ಹುಲ್ಲುಹೊದ್ದ ದಿಬ್ಬಗಳ ಪಕ್ಕದಲ್ಲಿ ನಾಲ್ಕನೆಯ ದಿಬ್ಬವೊಂದಿದೆ. ಆ ಮೂವರ ಅವಶೇಷಗಳನ್ನು 1946ರಲ್ಲಿ ಜಪಾನಿನಿಂದ ತರಿಸಿ ಹೂಳಿಸಿದ ಹಿರಿಯ ನಾಯಕ ಕಿಮ್ ಗು, ಆನ್‌ಗೆ ಅಂತಲೇ ಜಾಗ ಕಾದಿರಿಸಿದರು. ಖಾಲಿಯಾಗಿಯೇ ಇದೆ. ಆನ್‌ನ ಸ್ಮಾರಕ ಭವನ ಇರುವುದು ನಾಮ್‌ಸಾನ್ ಬೆಟ್ಟದಲ್ಲಿ, ಜಪಾನಿನವರು ಹಿಂದೆ ತಮ್ಮ ದೊಡ್ಡ ಶಿಂಟೊ ದೇಗುಲ ಕಟ್ಟಿದ್ದ ಜಾಗದಲ್ಲಿ. ಜಾಗದ ಆಯ್ಕೆಯೇ ಒಂದು ಉತ್ತರದಂತಿದೆ.

ಖಾಲಿ ಬಿಟ್ಟ ಇನ್ನೊಂದು ಜಾಗ ಜಪಾನ್ ರಾಯಭಾರ ಕಚೇರಿ ಇದ್ದ ಬೀದಿಯಲ್ಲಿದೆ. ಜಪಾನಿನ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ನೆನಪಿಗೆ, ಬರಿಗಾಲಿನ ಒಬ್ಬ ಹುಡುಗಿ ಕುರ್ಚಿಯಲ್ಲಿ ಕೂತ ಕಂಚಿನ ಪ್ರತಿಮೆ. 2011ರ ಡಿಸೆಂಬರ್ 14ರಂದು, ಪ್ರತಿ ಬುಧವಾರದ ಪ್ರತಿಭಟನೆ ಸಾವಿರಕ್ಕೆ ಮುಟ್ಟಿದ ದಿನ ಇಟ್ಟದ್ದು. ಪಕ್ಕದಲ್ಲಿ ಇನ್ನೊಂದು ಕುರ್ಚಿ, ಖಾಲಿ. ಬಂದವರು ಕೂರಲಿ ಎಂದು. 1991ರ ಆಗಸ್ಟ್ 14ರಂದು ಕಿಮ್ ಹಾಕ್-ಸುನ್ ಎಂಬ ಅಜ್ಜಿ ತನ್ನ ಹೆಸರು ಮುಖ ಮುಚ್ಚಿಡದೆ 'ನನಗೆ ಹೀಗಾಯಿತು' ಎಂದು ಜಗತ್ತಿಗೆ ಹೇಳುವವರೆಗೆ ಈ ವಿಷಯ ಮನೆಗಳ ಒಳಗೇ ಇತ್ತು. ರಾಷ್ಟ್ರವೀರರ ಪಟ್ಟಿಯಲ್ಲಿ ಆಕೆಯನ್ನು ಎಲ್ಲಿ ಸೇರಿಸುತ್ತಾರೋ ಗೊತ್ತಿಲ್ಲ. ನನ್ನ ಪಟ್ಟಿಯಲ್ಲಿ ಯಿ ಸುನ್-ಸಿನ್ ಪಕ್ಕದಲ್ಲೇ ಇದ್ದಾಳೆ.

ಐದನೇ ವಾರ ಚೊನಾನ್‌ಗೆ ಹೋದೆ. ಅಲ್ಲಿನ ಸ್ವಾತಂತ್ರ್ಯ ಭವನ ಜನರ ದೇಣಿಗೆಯಿಂದ ಕಟ್ಟಿ 1987ರ ಆಗಸ್ಟ್ 15ರಂದು ತೆರೆದದ್ದು. ಹೌದು, ಅವರ ಬಿಡುಗಡೆಯ ದಿನವೂ ಆಗಸ್ಟ್ 15, ವರ್ಷ 1945. ಭವನ ಎಷ್ಟು ದೊಡ್ಡದೆಂದರೆ ಕಾಲು ಸೋತುಹೋಯಿತು. ನೆನಪಿರುವುದು ಒಂದೇ: ಸೋಲ್‌ನ ಅರಮನೆಯ ಎದುರು ಜಪಾನಿನವರು ಕಟ್ಟಿದ್ದ ಆಡಳಿತ ಕಚೇರಿಯನ್ನು 1995ರಲ್ಲಿ ಕೆಡವಲು ಶುರು ಮಾಡಿದಾಗ ಇಳಿಸಿದ ಅದರ ಗೋಪುರದ ತುದಿಯನ್ನು ಇಲ್ಲಿ ನೆಲಮಟ್ಟಕ್ಕಿಂತ ಐದು ಮೀಟರ್ ಕೆಳಗೆ ಇಟ್ಟಿದ್ದಾರೆ. ನೋಡುವವರು ಮೇಲಿನಿಂದ ಬಗ್ಗಿ ನೋಡಬೇಕು.

ಅಲ್ಲಿಂದ ಬಸ್ಸಿನಲ್ಲಿ ಬ್ಯೊಂಗ್‌ಚೊನ್, ಅಂದರೆ ಹಳೆಯ ಆವುನೆ ಸಂತೆ. ಈಗ ಆ ಊರು ಹಂದಿಯ ಕರುಳಿನಲ್ಲಿ ಮಾಡುವ ಸುಂದೆ ಎಂಬ ತಿಂಡಿಗೆ ಹೆಸರುವಾಸಿ. ಬೀದಿಯ ಎರಡೂ ಕಡೆ ಅದೇ ಅಂಗಡಿಗಳು. ಸಸ್ಯಾಹಾರಿಯಾದ ನಾನು ಅನ್ನ, ಮೂಲಂಗಿಯಲ್ಲೇ ಊಟ ಮುಗಿಸಿದೆ. ಯುವಿನ ಸ್ಮಾರಕ ಗುಡಿ ಗುಡ್ಡದ ಇಳಿಜಾರಿನಲ್ಲಿದೆ, ಅದರ ಮೇಲೆ 1989ರಲ್ಲಿ ಮಾಡಿದ ಖಾಲಿ ಸಮಾಧಿ. ಗುಡಿಯೊಳಗಿನ ಚಿತ್ರದ ಬಗ್ಗೆ ಹೇಳಬೇಕು. ಹಿಂದೆ ಇದ್ದ ಚಿತ್ರವನ್ನು ಜೈಲಿನ ಫೋಟೋ ಆಧರಿಸಿ ಬರೆದಿದ್ದರು. ಏಟು ತಿಂದು ಊದಿಕೊಂಡ ಮುಖ ಅದು, ನಡುವಯಸ್ಸಿನ ಹೆಂಗಸಿನಂತೆ ಕಾಣುತ್ತಿತ್ತು. 2007ರಲ್ಲಿ ಅದನ್ನು ಬದಲಾಯಿಸಿ, ಹದಿಹರೆಯದ ಹುಡುಗಿಯ ಮುಖವಿರುವ ಹೊಸ ಚಿತ್ರ ಇಟ್ಟರು. ಅಲ್ಲಿಯವರೆಗೆ ದೇಶಕ್ಕೆ ಪರಿಚಯವಿದ್ದದ್ದು ಪೊಲೀಸರು ಮಾಡಿಟ್ಟ ಮುಖ.

ಪದಕದ ಕಥೆಯೂ ಹೀಗೇ ನಿಧಾನ. 1962ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ದರ್ಜೆ ದರ್ಜೆಯಾಗಿ ಪದಕ ಕೊಟ್ಟಾಗ ಆಕೆಗೆ ಸಿಕ್ಕಿದ್ದು ಮೂರನೇ ದರ್ಜೆ. ಇಡೀ ದೇಶ ಹಾಡಿ ಹೊಗಳುವ ಹುಡುಗಿಗೆ ಮೊದಲ ದರ್ಜೆ ಸಿಗಲು 2019 ಬರಬೇಕಾಯಿತು. ಆಕೆಗೇ ಹೀಗಾದರೆ ಉಳಿದವರ ಪಾಡೇನು? ಗೌರವ ಪಡೆದವರಲ್ಲಿ ಹೆಂಗಸರ ಪಾಲು ತೀರಾ ಸಣ್ಣದು. ಕಾರಣ ಸರಳ. ಅರ್ಜಿಗೆ ದಾಖಲೆ ಬೇಕು. ಕನಿಷ್ಠ ಮೂರು ತಿಂಗಳು ಜೈಲಿನಲ್ಲಿದ್ದ ದಾಖಲೆ ಕೇಳುತ್ತಿದ್ದರು. ಅಡಗಿದ್ದವರಿಗೆ ಅನ್ನ ಹಾಕಿದವಳ, ಸಂದೇಶ ಮುಟ್ಟಿಸಿದವಳ ದಾಖಲೆ ಯಾವ ಠಾಣೆಯಲ್ಲಿ ಇರುತ್ತದೆ? 2018ರಲ್ಲಿ ಆ ಮೂರು ತಿಂಗಳ ನಿಯಮ ತೆಗೆದುಹಾಕಿ, ಹೆಂಗಸರ ಕೆಲಸವನ್ನು ಬೇರೆ ರೀತಿಯಲ್ಲಿ ನೋಡಲು ಶುರು ಮಾಡಿದರು.

ಅದೇ ವರ್ಷ ಪದಕ ಪಡೆದವರಲ್ಲಿ ಒಬ್ಬರು ಹೊ ಉನ್. ಅವರ ಮನೆ ನೋಡಬೇಕೆಂದೇ ಕೊನೆಯ ಶನಿವಾರ ಆಂದೊಂಗ್‌ಗೆ ರೈಲು ಹತ್ತಿದೆ. ಮನೆಯ ಹೆಸರು ಇಮ್‌ಚೊಂಗಾಕ್, 1519ರಲ್ಲಿ ಕಟ್ಟಿದ್ದು. ನಮ್ಮ ಕಡೆಯ ದೊಡ್ಡ ವಾಡೆಯಂತೆ ಅಂಕಣ, ಅಂಗಳ, ಹೆಂಚು. ಈ ಮನೆಯ ಯಜಮಾನ ಯಿ ಸಾಂಗ್-ರ್ಯೊಂಗ್ 1911ರಲ್ಲಿ ಆಸ್ತಿ ಮಾರಿ, ಸಂಸಾರ ಸಮೇತ ಮಂಚೂರಿಯಾಕ್ಕೆ ಹೋಗಿ ಸ್ವಾತಂತ್ರ್ಯ ಸೇನೆ ಕಟ್ಟಲು ನಿಂತರು. ಸಿಟ್ಟಿಗೆ ಜಪಾನಿನ ಆಡಳಿತ ಮುಂದೆ ರೈಲು ಹಳಿಯನ್ನು ಮನೆಯ ಅಂಗಳದಲ್ಲೇ ಹಾಯಿಸಿತು ಎನ್ನುತ್ತಾರೆ. ಅರ್ಧದಷ್ಟು ಮನೆ ನೆಲಸಮವಾಯಿತು. ಎಂಬತ್ತು ವರ್ಷದ ಹತ್ತಿರ ಆ ಮನೆಯ ಮುಂದೆ ರೈಲು ಓಡಿತು. 2020ರ ಡಿಸೆಂಬರಿನಲ್ಲಿ ಕೊನೆಯ ರೈಲು ಹೋದ ಮೇಲೆ ಹಳಿ ಕಿತ್ತರು.

ಹೊ ಉನ್ ಆ ಯಜಮಾನರ ಮೊಮ್ಮಗನ ಹೆಂಡತಿ. 1907ರಲ್ಲಿ ಹುಟ್ಟಿದವರು, ಮದುವೆಯಾಗಿ ಬಂದದ್ದು ಮಂಚೂರಿಯಾದ ಆ ಮನೆಗೆ. ಅಲ್ಲಿ ಹೋರಾಟಗಾರರ ಸಭೆ ನಡೆಯುತ್ತಲೇ ಇರುತ್ತಿತ್ತು. ಬಂದವರಿಗೆಲ್ಲ ಎರಡು ಹೊತ್ತು ಅಡುಗೆ, ಸೈನಿಕರಿಗೆ ಬಟ್ಟೆ ಹೊಲಿಯುವುದು, ಇಷ್ಟೇ ಅವರ ಕೆಲಸ. ವಯಸ್ಸಾದ ಮೇಲೆ ತಮ್ಮ ನೆನಪನ್ನು ಹೇಳಿ ಬರೆಸಿದರು, 1995ರಲ್ಲಿ ಪುಸ್ತಕವಾಯಿತು. 1997ರಲ್ಲಿ ತೀರಿಕೊಂಡರು. ಅಡುಗೆ ಮಾಡಿದ್ದಕ್ಕೆ, ಸಮವಸ್ತ್ರ ಹೊಲಿದಿದ್ದಕ್ಕೆ ದೇಶ ಸ್ವಾತಂತ್ರ್ಯ ಹೋರಾಟಗಾರರ ಪದಕ ಕೊಟ್ಟಿತು. ಸತ್ತು 21 ವರ್ಷವಾಗಿತ್ತು.

ಆ ಅಂಗಳದಲ್ಲಿ ಕೂತಾಗ ನನಗೆ ನೆನಪಾದದ್ದು ಹಾವೇರಿ ಕಡೆಯ ನಮ್ಮ ಅಜ್ಜನ ಮನೆಯ ಪಡಸಾಲೆ. ಅಲ್ಲಿ ಗೋಡೆಗೆ ಅಜ್ಜನ ತಾಮ್ರಪತ್ರ ತೂಗುಹಾಕಿದೆ. 1942ರ ಚಳವಳಿಯಲ್ಲಿ ಅಜ್ಜ ಮತ್ತು ಗೆಳೆಯರು ತಿಂಗಳುಗಟ್ಟಲೆ ಹೊಲದ ಕಡೆ ಅಡಗಿದ್ದರಂತೆ. ಆ ಕಥೆ ನಮ್ಮ ಮನೆಯ ಎಲ್ಲ ಮಕ್ಕಳಿಗೂ ಬಾಯಿಪಾಠ. ಅವರು ಊಟಕ್ಕೆ ಏನು ಮಾಡುತ್ತಿದ್ದರು ಎಂದು ನಾನು ಇವತ್ತಿನವರೆಗೆ ಕೇಳಿಯೇ ಇರಲಿಲ್ಲ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

"ಮತ್ಯಾರ್ ಕೊಡ್ತಾರ? ನಮ್ಮವ್ವನs ಕೊಡತಿದ್ಲು," ಅಂದಳು ಅಮ್ಮ. "ನಸಿಕಿನ್ಯಾಗ ಎದ್ದು ರೊಟ್ಟಿ ಬಡದು, ಸಗಣಿ ಬುಟ್ಟಿ ತಳದಾಗ ಇಟ್ಟು, ಮ್ಯಾಲ ಸಗಣಿ ಮುಚ್ಚಿ ಒಯ್ತಿದ್ಲಂತ. ಪೊಲೀಸ್ರು ಬುಟ್ಟಿ ಮುಟ್ಟತಿದ್ದಿಲ್ಲಂತ. ಅದೇನ್ ದೊಡ್ಡ ಹೋರಾಟನವ್ವಾ?"

ದಿನಕ್ಕೆ ಎಷ್ಟು ರೊಟ್ಟಿ ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಹನ್ನೊಂದು ಜನ, ಒಬ್ಬೊಬ್ಬರಿಗೆ ಮೂರು. ಟಿಕೆಟಿನ ಹಿಂದೆ ಬರೆದುಕೊಂಡೆ: ಮೂವತ್ಮೂರು. ಅದರ ಪಕ್ಕದಲ್ಲಿ ಅಜ್ಜಿಯ ಪೂರ್ತಿ ಹೆಸರು, ತವರಿನ ಊರು. ಹುಟ್ಟಿದ ವರ್ಷ ಅಮ್ಮನಿಗೂ ಗೊತ್ತಿರಲಿಲ್ಲ. ಸೋದರಮಾವನನ್ನು ಕೇಳಿ ಹೇಳುತ್ತೇನೆ ಅಂದಿದ್ದಾಳೆ.